ಗರ್ಭಕಲ್ಯಾಣವನ್ನು ಆಚರಿಸುವ ಸಮಾಜವು ಗರ್ಭಿಣಿಯನ್ನೂ ಕಾಣಲಿ

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವ ಎಲ್ಲಿ ನಡೆದರೂ ಮೊದಲು ನೆರವೇರುವುದು ಗರ್ಭಕಲ್ಯಾಣ. ಜಿನಮಾತೆ ಕಂಡ ಹದಿನಾರು ಸ್ವಪ್ನಗಳನ್ನು ವೇದಿಕೆಯ ಮೇಲೆ ತೋರಿಸಲಾಗುತ್ತದೆ. ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿ ಎಂಬ ದೇವಿಯರು ಬಂದು ಆ ತಾಯಿಯ ಸೇವೆಗೆ ನಿಲ್ಲುತ್ತಾರೆ. ಜಿನನ ತಂದೆತಾಯಿಗಳ ಸ್ಥಾನದಲ್ಲಿ ಕುಳಿತುಕೊಳ್ಳುವ ಗೌರವಕ್ಕಾಗಿ ಸವಾಲು ಕೂಗುವ ಶ್ರಾವಕರಿಗೂ ಕೊರತೆಯಿಲ್ಲ. ಗರ್ಭವನ್ನು ಒಂದು ಕಲ್ಯಾಣವೆಂದು ಕರೆದು, ಅದಕ್ಕೆ ಜನ್ಮ, ದೀಕ್ಷೆ, ಕೇವಲಜ್ಞಾನ, ನಿರ್ವಾಣಗಳ ಸಾಲಿನಲ್ಲಿ ಸ್ಥಾನ ಕೊಟ್ಟ ಪರಂಪರೆ ಇದು. ಇಂಥ ಸಮಾಜದಲ್ಲಿ ಮೊದಲ ಬಾರಿಗೆ ಬಸಿರಾದ ಸೊಸೆಯೊಬ್ಬಳು ಆ ಒಂಬತ್ತು ತಿಂಗಳನ್ನು ಹೇಗೆ ಕಳೆಯುತ್ತಾಳೆ ಎಂಬ ಪ್ರಶ್ನೆಯನ್ನು ಸಭೆಗಳಲ್ಲಿ ಕೇಳುವವರು ವಿರಳ.

ಬೆಳಗಾವಿ, ಹುಬ್ಬಳ್ಳಿ, ಕಾರ್ಕಳ, ಮೂಡಬಿದಿರೆಗಳಿಂದ ಮದುವೆಯಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಿಗೆ ಬಂದ ಹೆಣ್ಣುಮಗಳ ಸ್ಥಿತಿ ಊರಿನಲ್ಲಿಯೇ ಉಳಿದವಳ ಸ್ಥಿತಿಗಿಂತ ಬೇರೆ. ಅವಳ ತಾಯಿ ನೂರಾರು ಮೈಲಿ ದೂರದಲ್ಲಿದ್ದಾಳೆ. ನೆರೆಮನೆಯವರ ಭಾಷೆ ಬೇರೆ, ವೈದ್ಯರ ಭಾಷೆಯೂ ಬೇರೆ. ಮೊದಲ ಬಸಿರಿನಲ್ಲಿ ಯಾವ ನೋವು ಸಹಜ, ಯಾವುದು ಅಪಾಯದ ಸೂಚನೆ ಎಂಬುದು ಅನುಭವವಿಲ್ಲದ ಅವಳಿಗೆ ತಿಳಿಯುವುದಿಲ್ಲ. ಕೇಳಬೇಕೆಂದರೆ ಅತ್ತೆಯೆದುರು ಸಂಕೋಚ. ಗಂಡನಿಗೆ ಅವಳಷ್ಟೂ ತಿಳಿಯದು. ಹೀಗಿರುವಾಗ ವ್ರತ, ನಿಯಮ, ಊಟದ ವೇಳೆ, ಕಚೇರಿಯ ವೇಳೆ ಎಲ್ಲವೂ ಒಂದೇ ದೇಹದ ಮೇಲೆ ಬಂದು ಬೀಳುತ್ತವೆ.

ಸೂರ್ಯಾಸ್ತದೊಳಗಿನ ಊಟವನ್ನೇ ನೋಡಬಹುದು. ಡಿಸೆಂಬರಿನಲ್ಲಿ ಮುಂಬಯಿಯ ಸೂರ್ಯ ಸಂಜೆ ಆರರ ಹೊತ್ತಿಗೆ ಮುಳುಗುತ್ತಾನೆ. ಆರು ಗಂಟೆಗೆ ಕಚೇರಿ ಬಿಟ್ಟು ಲೋಕಲ್ ರೈಲು ಹಿಡಿಯುವ ಗರ್ಭಿಣಿಗೆ ರಾತ್ರಿಭೋಜನ ತ್ಯಾಗವೆಂದರೆ ಮಧ್ಯಾಹ್ನದ ಡಬ್ಬಿಯಿಂದ ಮರುದಿನ ಬೆಳಗಿನವರೆಗೆ ಬರಿಹೊಟ್ಟೆ. ನೀರನ್ನೂ ಬಿಡುವ ಮನೆಗಳಲ್ಲಿ ಸ್ಥಿತಿ ಇನ್ನೂ ಕಠಿಣ. ಗರ್ಭಿಣಿಯ ದೇಹ ದೀರ್ಘ ಹಸಿವನ್ನು ಇತರರ ದೇಹದಂತೆ ತಾಳುವುದಿಲ್ಲ. ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಕೊಬ್ಬು ಕರಗಿ ಕೀಟೋನುಗಳು ಏರುತ್ತವೆ, ವಾಂತಿ ಹೆಚ್ಚುತ್ತದೆ. ನೀರು ಕಡಿಮೆಯಾದರೆ ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಬೆಳಗಿನ ವಾಂತಿಯಿಂದ ನಾಷ್ಟಾವನ್ನೂ ಕಳೆದುಕೊಂಡವಳು ದಿನಕ್ಕೆ ಉಣ್ಣುವುದು ಒಂದೇ ಊಟವಾದರೆ, ಅದನ್ನು ತಪಸ್ಸು ಎನ್ನಬೇಕೋ ಅಲಕ್ಷ್ಯ ಎನ್ನಬೇಕೋ ಎಂದು ಹಿರಿಯರು ಯೋಚಿಸಬೇಕು.

ಎರಡನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅಂದರೆ ಅವರ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆ. ಆಸ್ಪತ್ರೆಯಲ್ಲಿ ಕೊಡುವ ಆಹಾರದ ಪಟ್ಟಿಯಲ್ಲಿ ಮೊಟ್ಟೆ, ಬೀಟ್‌ರೂಟ್, ಗಜ್ಜರಿ ಇರುತ್ತವೆ. ಜೈನ ಮನೆಯ ಹೆಣ್ಣುಮಗಳು ಆ ಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟುಕೊಳ್ಳುತ್ತಾಳೆ, ಅಷ್ಟೆ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ಕಾಯಿಪಲ್ಲೆ ಇಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳೂ ಉಂಟು. ಬಿಟ್ಟುದರ ಬದಲಿಗೆ ಏನು ತಿನ್ನಬೇಕೆಂದು ಹೇಳುವವರಿಲ್ಲ. ಕಂದಮೂಲಗಳನ್ನು ಮುಟ್ಟದೆಯೂ ರಾಗಿ, ಹೆಸರು, ಕಡಲೆ, ಅಲಸಂದೆ, ಎಳ್ಳು, ನುಗ್ಗೆಸೊಪ್ಪು, ಹಾಲು, ಮೊಸರುಗಳಿಂದ ಒಳ್ಳೆಯ ಊಟ ಕಟ್ಟಬಹುದು. ಕಾಳಿನ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಹೆಚ್ಚು ಹೀರಲ್ಪಡುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಆದರೆ ಊಟವೊಂದೇ ಸಾಲದು. ಸರ್ಕಾರಿ ಕಾರ್ಯಕ್ರಮದಂತೆ ಪ್ರತಿ ಗರ್ಭಿಣಿಗೂ ಕನಿಷ್ಠ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ, ಹೆರಿಗೆಯ ನಂತರ ಮತ್ತೆ 180 ದಿನ ಅದೇ ಮಾತ್ರೆ ಸಲ್ಲಬೇಕು. ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನಿಂದ ಸ್ವಲ್ಪ ದೊರೆಯುತ್ತದೆ. ಆದ್ದರಿಂದ ಅದರ ಮಟ್ಟವನ್ನು ಪರೀಕ್ಷಿಸಿಕೊಳ್ಳುವುದು ಜೈನ ಗರ್ಭಿಣಿಗೆ ವಿಶೇಷವಾಗಿ ಅಗತ್ಯ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜಿಲೆಟಿನ್ನಿನದೆಂದು ತಿಳಿದು, ಹೇಳಲೂ ಆಗದೆ ನುಂಗಲೂ ಆಗದೆ ಔಷಧವನ್ನೇ ಬಿಡುವವರಿದ್ದಾರೆ. ಮಾತ್ರೆ, ಚುಚ್ಚುಮದ್ದು, ಸಸ್ಯಜನ್ಯ ಹೊದಿಕೆಯ ಕ್ಯಾಪ್ಸೂಲು ಇವೆಲ್ಲ ದೊರೆಯುತ್ತವೆ. ಔಷಧದ ಬಿ12 ತಯಾರಾಗುವುದು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ. ವೈದ್ಯರನ್ನು ಒಂದು ಮಾತು ಕೇಳಿದರೆ ಬಗೆಹರಿಯುವ ಸಂಗತಿ ಇದು. ಆ ಒಂದು ಮಾತು ಕೇಳುವ ಧೈರ್ಯವನ್ನು ಅವಳಿಗೆ ಮನೆಯವರು ಕೊಡಬೇಕು.

ಧರ್ಮ ಏನು ಹೇಳುತ್ತದೆ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಎಣಿಸುವ ಷೋಡಶ ಭಾವನೆಗಳಲ್ಲಿ ಶಕ್ತಿಗೆ ತಕ್ಕ ತ್ಯಾಗವೂ ಶಕ್ತಿಗೆ ತಕ್ಕ ತಪಸ್ಸೂ ಸೇರಿವೆ. ಶಕ್ತಿಯ ಮಿತಿಯನ್ನು ತಪಸ್ಸಿನ ಲಕ್ಷಣದೊಳಗೇ ಇಟ್ಟದ್ದು ಆಧುನಿಕ ವೈದ್ಯರಲ್ಲ, ಆಚಾರ್ಯರು. ಅದೇ ಗ್ರಂಥ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ತಾಳಲಾರದಷ್ಟು ಭಾರ ಹೊರಿಸುವುದು, ಅನ್ನನೀರನ್ನು ತಡೆಯುವುದು ಇವೆರಡೂ ಅಹಿಂಸೆಯ ವ್ರತಕ್ಕೆ ಬೀಳುವ ಕಳಂಕಗಳು. ಈ ಮಾತುಗಳನ್ನು ವಿವರಿಸುವಾಗ ಎತ್ತು, ಹೋರಿಗಳ ಉದಾಹರಣೆ ಕೊಡುವುದು ವಾಡಿಕೆ. ಎತ್ತಿಗೆ ಸಲ್ಲುವ ಕರುಣೆ ಮನೆಯ ಗರ್ಭಿಣಿಗೂ ಸಲ್ಲಬೇಡವೇ? ದಶಲಕ್ಷಣ ಪರ್ವದ ಹತ್ತು ದಿನವೂ ಉಪವಾಸ ಮಾಡಿದ ನೆರೆಮನೆಯ ಸೊಸೆಯನ್ನು ತೋರಿಸಿ ಬಸುರಿ ಸೊಸೆಯನ್ನು ಮೌನವಾಗಿ ನಾಚಿಸುವುದು, ಅನಂತ ಚತುರ್ದಶಿಯ ಉಪವಾಸವನ್ನಾದರೂ ಮಾಡು ಎಂದು ಒತ್ತಾಯಿಸುವುದು ಅನ್ನಪಾನನಿರೋಧದ ಇನ್ನೊಂದು ರೂಪವೇ.

ಇದಕ್ಕೆ ಹಿರಿಯರಿಂದ ಎರಡು ಆಕ್ಷೇಪಗಳು ಬರುತ್ತವೆ. ತಮ್ಮ ತಾಯಂದಿರು ಎಲ್ಲ ವ್ರತಗಳನ್ನೂ ನಡೆಸಿ ಎಂಟು ಮಕ್ಕಳನ್ನು ಹೆತ್ತರು ಎಂಬುದು ಮೊದಲನೆಯದು. ಹೆತ್ತವರು ಕಣ್ಣಿಗೆ ಕಾಣುತ್ತಾರೆ; ಹೆರಿಗೆಯಲ್ಲಿ ತೀರಿಕೊಂಡವರು ಆ ಲೆಕ್ಕದಲ್ಲಿ ಇರುವುದಿಲ್ಲ. 1997–98ರಲ್ಲಿ ದೇಶದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 398 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ರಕ್ತದೊತ್ತಡದ ತಪಾಸಣೆ, ಕಬ್ಬಿಣದ ಮಾತ್ರೆಗಳಂಥ ಸಾಮಾನ್ಯ ಸಂಗತಿಗಳು ಈ ಇಳಿಕೆಗೆ ನೆರವಾದವು. ಒಮ್ಮೆ ನಿಯಮ ಸಡಿಲಿಸಿದರೆ ಹೊಸ ಪೀಳಿಗೆ ಎಲ್ಲವನ್ನೂ ಬಿಟ್ಟುಬಿಡುತ್ತದೆ ಎಂಬುದು ಎರಡನೆಯ ಆಕ್ಷೇಪ. ಅನುಭವ ಹೇಳುವುದು ಬೇರೆ. ಕಷ್ಟದಲ್ಲಿ ಕೈಹಿಡಿದ ಧರ್ಮವನ್ನು ಯಾರೂ ಸುಲಭವಾಗಿ ಬಿಡುವುದಿಲ್ಲ. ಕಷ್ಟದಲ್ಲಿ ಮುಖ ತಿರುಗಿಸಿದ ಮನೆಯನ್ನೂ ಅದರ ನಿಯಮಗಳನ್ನೂ ಹೆಣ್ಣುಮಕ್ಕಳು ಮನಸ್ಸಿನಲ್ಲಿಯೇ ಬಿಟ್ಟಿರುತ್ತಾರೆ.

ಜಿನಸೇನರ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು ಐವತ್ತಮೂರು. ಗರ್ಭದ ಮೂರನೆಯ ತಿಂಗಳಿಗೆ ಪ್ರೀತಿ, ಐದಕ್ಕೆ ಸುಪ್ರೀತಿ, ಏಳಕ್ಕೆ ಧೃತಿ, ಒಂಬತ್ತಕ್ಕೆ ಮೋದ. ಈ ಹೆಸರುಗಳನ್ನು ಓದಿದರೆ ಸಾಕು, ಬಸುರಿಯ ಸುತ್ತ ಯಾವ ವಾತಾವರಣ ಇರಬೇಕೆಂದು ಹಿಂದಿನವರು ಬಯಸಿದ್ದರು ಎಂಬುದು ತಿಳಿಯುತ್ತದೆ. ಇಂದಿನ ಆರೈಕೆಯನ್ನು ಆ ತಿಂಗಳುಗಳಿಗೇ ಹೊಂದಿಸಬಹುದು. ಮೂರನೆಯ ತಿಂಗಳೊಳಗೆ ಹೆಸರು ನೋಂದಾಯಿಸಿ ರಕ್ತಪರೀಕ್ಷೆ ಮಾಡಿಸುವುದು. ಐದನೆಯ ತಿಂಗಳಲ್ಲಿ ಮಗುವಿನ ಅಂಗಾಂಗಗಳ ಬೆಳವಣಿಗೆ ನೋಡುವ ಸ್ಕ್ಯಾನ್. 24ರಿಂದ 28ನೆಯ ವಾರದಲ್ಲಿ ಸಕ್ಕರೆಯ ಪರೀಕ್ಷೆ. ಕೊನೆಯ ತಿಂಗಳುಗಳಲ್ಲಿ ರಕ್ತದೊತ್ತಡದ ಮೇಲೂ ಮಗುವಿನ ಚಲನೆಯ ಮೇಲೂ ನಿಗಾ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಬಾವು, ರಕ್ತಸ್ರಾವ, ಮಗುವಿನ ಚಲನೆ ಕುಗ್ಗುವುದು ಇವು ಬೆಳಗಾಗುವವರೆಗೆ ಕಾಯುವ ಸಂಗತಿಗಳಲ್ಲ ಎಂಬುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಏಳನೆಯ ತಿಂಗಳ ಕುಬಸವೋ ಸೀಮಂತವೋ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಒಳ್ಳೆಯದೇ. ತಾಯಿಯ ಮನೆಯಲ್ಲಿ ದೊರೆಯುವ ಬಾಣಂತನದ ವಿಶ್ರಾಂತಿ ಬೇರೆಲ್ಲಿಯೂ ದೊರೆಯದು. ಆದರೆ ಊರು ಬದಲಾದಾಗ ವೈದ್ಯರೂ ಬದಲಾಗುತ್ತಾರೆ. ಸೀರೆ, ಬಳೆ, ಬುತ್ತಿಗಳ ಜೊತೆಗೆ ತಪಾಸಣೆಯ ಎಲ್ಲ ಕಾಗದಗಳೂ ಹೋಗಬೇಕು. ತವರಿನ ವೈದ್ಯರನ್ನು ಹೊರಡುವ ಮುನ್ನವೇ ಗೊತ್ತುಮಾಡಬೇಕು. ಅದೇ ಕುಬಸದ ದಿನ ಕೇಳಿಬರುವ ಇನ್ನೊಂದು ಮಾತಿದೆ: ಗಂಡುಮಗುವನ್ನೇ ಹೆರು ಎಂಬ ಹರಕೆ. 2001ರ ಜನಗಣತಿಯಲ್ಲಿ ಸ್ತ್ರೀ ಸಾಕ್ಷರತೆಯಲ್ಲಿ ದೇಶಕ್ಕೇ ಮೊದಲನೆಯದಾಗಿದ್ದ ಜೈನ ಸಮುದಾಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 870 ಮಾತ್ರ. ದೇಶದ ಸರಾಸರಿ 927. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಜಾರಿಯಲ್ಲಿದ್ದಾಗಲೇ ಬಂದ ಅಂಕಿ ಇದು. ಆ ಹರಕೆಯ ಭಾರವನ್ನು ಮೊದಲು ಹೊರುವವಳು ಮೊದಲ ಬಸುರಿ.

ಹೆರಿಗೆಯ ನಂತರದ ಸೂತಕದ ವಿಷಯವನ್ನೂ ಬಿಚ್ಚಿ ಹೇಳಬೇಕು. ನಲವತ್ತು ದಿನಗಳ ಆಸುಪಾಸು ಬಾಣಂತಿ ಅಡುಗೆಮನೆಗೆ, ಹೊರಗಿನ ಕೆಲಸಕ್ಕೆ ಹೋಗದಿರುವುದರಿಂದ ಅವಳಿಗೆ ವಿಶ್ರಾಂತಿ ಸಿಗುತ್ತದೆ. ಆ ವಿಶ್ರಾಂತಿ ಉಳಿಯಲಿ. ಅವಳು ಮುಟ್ಟಿದ್ದು ಅಪವಿತ್ರ ಎಂಬ ಭಾವನೆ ಅಳಿಯಲಿ. ನಗರದ ಎರಡು ಕೋಣೆಯ ಮನೆಯಲ್ಲಿ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಚಾಪೆಯೊಂದಿಗೆ ಮೂಲೆಯಲ್ಲಿ ಕುಳಿತ ತರುಣಿಗೆ ಮಗುವಿನ ಆರೈಕೆಗಿಂತ ಒಂಟಿತನವೇ ಹೆಚ್ಚು ಭಾರವಾಗುತ್ತದೆ. ಹೆರಿಗೆಯ ನಂತರದ ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಅದನ್ನು ಸೊಸೆಯ ಹಟವೆಂದು ಭಾವಿಸಬಾರದು.

ರಾಜಕೀಯದ ಮಾತಿಗೆ ಬಂದರೆ, 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನೂ ಕಡ್ಡಾಯ ಮಾಡಿತು. ರಜೆ ಸಿಗಲು ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ರಜೆಯಲ್ಲಿರುವಾಗ ಅವಳನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದರೆ ರಜೆಯ ವೆಚ್ಚ ಪೂರ್ತಿಯಾಗಿ ಮಾಲೀಕನ ತಲೆಗೆ ಬರುವುದರಿಂದ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವವರಿದ್ದಾರೆ. ಆ ವೆಚ್ಚದಲ್ಲಿ ಸರ್ಕಾರ ಪಾಲು ಹೊರಬೇಕು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಉಂಟು. ಖಾಸಗಿ ಕಂಪನಿಗಳ ಗಂಡಂದಿರಿಗೆ ಅಂಥ ಕಾನೂನಿನ ಆಸರೆಯಿಲ್ಲ. ಬೇಡಿಕೆ ಸರ್ಕಾರದ ಮುಂದೆ ಮಾತ್ರ ಇಟ್ಟರೆ ಸಾಲದು. ಜೈನ ಸಮಾಜದಲ್ಲಿ ಅಂಗಡಿ, ಕಾರ್ಖಾನೆ, ಕಚೇರಿಗಳ ಮಾಲೀಕರು ಅನೇಕರಿದ್ದಾರೆ. ಅವರು ತಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಗೊಣಗದೆ ಕೊಡುತ್ತಿದ್ದಾರೆಯೇ? ಮನೆಯದೇ ಅಂಗಡಿಯ ಲೆಕ್ಕ ಬರೆಯುವ ಸೊಸೆಗೆ ಯಾವ ಕಾಯ್ದೆಯ ರಜೆಯೂ ಸಿಗುವುದಿಲ್ಲ. ಅವಳಿಗೆ ರಜೆ ಕೊಡಬೇಕಾದವನು ಮಾವ.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಪ್ರತಿ ಊರಿನ ಬಸದಿಯ ಸಮಿತಿ ದಶಲಕ್ಷಣ ಪರ್ವದ ಮೊದಲ ದಿನವೇ, ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಉಪವಾಸ ಮಾಡಬೇಕಾಗಿಲ್ಲವೆಂದು ಧ್ವನಿವರ್ಧಕದಲ್ಲಿ ಹೇಳಲಿ. ಶ್ರವಣಬೆಳಗೊಳ, ಮೂಡಬಿದಿರೆ, ಹೊಂಬುಜ ಮಠಗಳ ಭಟ್ಟಾರಕರೂ ವಿಹಾರದಲ್ಲಿರುವ ಮುನಿಗಳೂ ಆರ್ಯಿಕೆಯರೂ ಪ್ರವಚನದಲ್ಲಿ ಈ ಮಾತನ್ನು ಆಡಿದರೆ, ಹತ್ತು ವೈದ್ಯರು ಹೇಳಿದರೂ ಒಪ್ಪದ ಅತ್ತೆ ಒಪ್ಪಿಯಾಳು. ನಗರದ ಕನ್ನಡ ಜೈನ ಸಂಘಗಳು ಸಮಾಜದ ವೈದ್ಯೆಯರಿಂದ ಕಂದಮೂಲರಹಿತ ಆಹಾರದ ಪಟ್ಟಿಯೊಂದನ್ನು ಕನ್ನಡದಲ್ಲಿ ಬರೆಯಿಸಲಿ. ಮೊದಲ ಬಸುರಿಯ ಮನೆಗೆ ಹೆತ್ತು ಅನುಭವವಿರುವ ಇಬ್ಬರು ಮಹಿಳೆಯರನ್ನು ಕಳಿಸಲಿ. ಪಂಚಕಲ್ಯಾಣದ ಸವಾಲಿನ ಮೊತ್ತದ ಒಂದು ಸಣ್ಣ ಪಾಲು, ಖರ್ಚಿಗೆ ಅಂಜಿ ತಪಾಸಣೆ ಮುಂದೂಡುವ ಬಡ ಶ್ರಾವಕರ ಮನೆಗಳಿಗೆ ಮೀಸಲಾಗಲಿ.

ಮುಂದಿನ ಪರ್ವಕ್ಕೆ ಮುನ್ನ ನಡೆಯುವ ಸಮಿತಿಯ ಸಭೆಯಲ್ಲಿ ಇದು ಚರ್ಚೆಗೆ ಬರಬೇಕು. ಆ ಸಭೆಯಲ್ಲಿ ಮಹಿಳೆಯರೂ ಕುಳಿತಿರಬೇಕು.