ಚೈನಿನ ಮೇಲೇಕೆ ಗೂಬೆ?

ಹಳೆಯ ಸೈಕಲ್ಲು ತುಳಿಯುವಾಗ ಜಾರಿದರೆ ಮೊದಲು ಹೊಸ ಚೈನು ಹಾಕಿಸುವುದು ನಮ್ಮಲ್ಲಿ ರೂಢಿ. ಇದು ದುರಸ್ತಿಯಲ್ಲ, ಊಹೆ. ನಮ್ಮ ತಂದೆಯವರ ಅಟ್ಲಾಸ್ ಸೈಕಲ್ಲಿಗೆ ಇಳಕಲ್ಲಿನ ಅಂಗಡಿಯೊಂದರಲ್ಲಿ ಹೀಗೆಯೇ ಎರಡು ಚೈನು ಹಾಕಿದರು, ಜಾರುವುದು ನಿಲ್ಲಲಿಲ್ಲ. ಕೊನೆಗೆ ‘ಗುಜರಿಗಿ ಹಾಕಿಬಿಡ್ರಿ, ಸರ’ ಎಂಬ ತೀರ್ಪು ಬಂತು.

ಪರೀಕ್ಷೆ ಕಷ್ಟವೇನಲ್ಲ. ಚೈನಿನ ಒಂದು ಪಿನ್ನಿನಿಂದ ಮುಂದಿನ 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಚೈನು ಸವೆದಿದೆ. ಹೊಸ ಚೈನೂ ಹಲ್ಲು ಬಿಟ್ಟು ಹಾರಿದರೆ ಸವೆದದ್ದು ಫ್ರೀವ್ಹೀಲಿನ ಹಲ್ಲು. ಪೆಡಲಿನ ಪ್ರತಿ ಸುತ್ತಿಗೂ ‘ಟಕ್’ ಎಂದರೆ ಕಾಟರ್ ಪಿನ್ನನ್ನು ಶಂಕಿಸಬೇಕು. ಚೈನು ಓಡುತ್ತಲೇ ಇದ್ದು ಚಕ್ರ ಚಲಿಸದಿದ್ದರೆ ಫ್ರೀವ್ಹೀಲಿನೊಳಗಿನ ನಾಲಿಗೆಗಳು ಒಣಗಿದ ಎಣ್ಣೆಯಲ್ಲಿ ಅಂಟಿರುತ್ತವೆ. ನಮ್ಮದರ ರೋಗ ಇದೇ. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟೆ, ಗುಣವಾಯಿತು.

ತಪ್ಪು ಅಂಗಡಿಯವನದಷ್ಟೇ ಅಲ್ಲ. ಬಿಡಿಭಾಗಕ್ಕೆ ಹಣ ಕೊಡುವ ನಾವು ರೋಗ ಹುಡುಕಿದವನಿಗೆ ಕೂಲಿ ಕೊಡಲು ಹಿಂದೆಗೆಯುತ್ತೇವೆ. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ಮುಚ್ಚಿತು. ಮೂಲ ಭಾಗವನ್ನು ಎಸೆದ ಮೇಲೆ ಪಶ್ಚಾತ್ತಾಪ ವ್ಯರ್ಥ. ಬಾದಾಮಿಯ ಗುಹಾಲಯಕ್ಕೆ ಸುಣ್ಣ ಬಳಿದು ಜೀರ್ಣೋದ್ಧಾರವೆಂದರೆ ಒಪ್ಪುತ್ತೇವೆಯೇ? ರೋಗವರಿಯದೆ ಮದ್ದು ಕೊಡುವವನನ್ನು ವೈದ್ಯನೆನ್ನುವುದಿಲ್ಲ. ಸೈಕಲ್ಲಿಗೇಕೆ ಬೇರೆ ನ್ಯಾಯ?