ಹಿಂದಿನ ಸೀಟಿನ ಕಿವಿ

ಕಾರಿಗೆ ಹೊಸ ಮ್ಯೂಸಿಕ್ ಸಿಸ್ಟಂ ಹಾಕಿಸಿದ ದಿನ ಮಗ ನಮ್ಮನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೊರಟ. ಅವನೂ ಅವನಪ್ಪನೂ ಮುಂದೆ; ಅತ್ತೆ, ನಾನು ಹಿಂದೆ. ಭಾವಗೀತೆ ಶುರುವಾಯಿತು. ಮುಂದಿನಿಂದ "ಆಹಾ, ಏನು ಸೌಂಡು!" ಎಂಬ ಉದ್ಗಾರ. ನಮಗೆ ಕೇಳಿಸಿದ್ದು ತಬಲದ ಎಡಗೈ ಮಾತ್ರ. ಗಾಯಕಿ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಹಾಡುತ್ತಿದ್ದಂತಿತ್ತು. ಅತ್ತೆ, "ಇದೇನೇ, ಎದೆಯೊಳಗೆ ಒನಕೆ ಹಾಕಿ ಕುಟ್ಟಿದ ಹಾಗೆ!" ಎಂದರು.

ಮರುದಿನ ಅಂಗಡಿಗೆ ನಾನೂ ಹೋದೆ. ಅಂಗಡಿಯಾತ ನಕ್ಕ. "ಕಾರು ಓಡಿಸೋರಿಗೆ ತಾನೇ ಮೇಡಂ ಸೌಂಡ್ ಸೆಟ್ ಮಾಡೋದು? 20 ವರ್ಷದಿಂದ ಬರೀ ಕಿವಿಯಲ್ಲೇ ಮಾಡ್ತಿದೀನಿ." ನನ್ನ ಜಗಳ ಈ ಎರಡೂ ಮಾತಿನ ಮೇಲೆ.

ಮೊದಲು ಕಿವಿಯ ಮಾತು. ಕಿವಿ ಸುಲಭವಾಗಿ ಮೋಸಹೋಗುತ್ತದೆ. ದನಿ ಜೋರಾದಷ್ಟೂ ಮಂದ್ರಸ್ವರ ಅದಕ್ಕೆ ತುಂಬಿಕೊಂಡಂತೆ ಕೇಳುತ್ತದೆ. ಇದನ್ನು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟರು. ಅಂಗಡಿಯಲ್ಲಿ ಜೋರಾಗಿ ಹಾಕಿ ಮಾರುವ ಗುಟ್ಟು ಇದೇ ಇರಬೇಕು. ಅಳತೆಗೆ ಈ ಮರುಳಿಲ್ಲ. ಪಿಂಕ್ ನಾಯ್ಸ್ ಎಂಬ, ಮಳೆ ಸುರಿದಂಥ ಸದ್ದೊಂದಿದೆ. ಅದರಲ್ಲಿ ಪ್ರತಿ ಸಪ್ತಕಕ್ಕೂ ಸಮಪಾಲು ಶಕ್ತಿ. ಅದನ್ನು ನುಡಿಸಿ, ಕಿವಿಯಿರುವ ಜಾಗದಲ್ಲಿ ಮೈಕು ಹಿಡಿದರೆ ಯಾವ ಸ್ವರ ಉಬ್ಬಿದೆ, ಯಾವುದು ಕುಗ್ಗಿದೆ ಎಂದು ಲ್ಯಾಪ್‌ಟಾಪಿನಲ್ಲಿ ಗೆರೆ ಮೂಡುತ್ತದೆ.

ಮಗನ ಸ್ನೇಹಿತನೊಬ್ಬ ಅಂಥ ಮೈಕು ತಂದ. ಡ್ರೈವರ್ ಸೀಟಿನಲ್ಲಿ ಗೆರೆ ಹೆಚ್ಚುಕಡಿಮೆ ಸಮ. "ಹಿಂದೆ ಇಡಪ್ಪ" ಎಂದೆ. 80 ಹರ್ಟ್ಸ್ ಸುತ್ತ 9 ಡೆಸಿಬಲ್ ಎತ್ತರದ ಗುಡ್ಡ! 3 ಡೆಸಿಬಲ್ಲಿಗೆ ಶಕ್ತಿ ಇಮ್ಮಡಿ. 9 ಎಂದರೆ ಎಂಟು ಪಟ್ಟು. ಪದಗಳ ಉಚ್ಚಾರ ಸ್ಪಷ್ಟವಾಗುವ 2000ದಿಂದ 4000 ಹರ್ಟ್ಸ್ ನಡುವೆ ಹಳ್ಳ. ಕಾರಣ ಸರಳ. ಸಬ್‌ವೂಫರ್ ಡಿಕ್ಕಿಯಲ್ಲಿ, ನಮ್ಮ ಬೆನ್ನಿಗೇ. ಸ್ಪೀಕರುಗಳು ಮುಂದಿನ ಬಾಗಿಲಲ್ಲಿ, ಅವಕ್ಕೆ ಸೀಟು ಅಡ್ಡ. ಮುಚ್ಚಿದ ಪುಟ್ಟ ಕಾರಿನೊಳಗೆ ಅತಿಮಂದ್ರ ತಾನಾಗಿಯೇ ಹಿಗ್ಗುತ್ತದೆ. ಅದರ ಮೇಲೆ ಬಾಸ್ ಬೂಸ್ಟ್ ಎಂದರೆ ಉಪ್ಪಿನಕಾಯಿಗೆ ಮತ್ತೆ ಉಪ್ಪು.

ಓಡುವ ಕಾರಿನಲ್ಲಿ ರಸ್ತೆಯ ಗದ್ದಲ ಮಂದ್ರವನ್ನು ನುಂಗುತ್ತದೆ, ತುಸು ಏರಿಸಲೇಬೇಕು ಎಂದು ಮಗ ವಾದಿಸಿದ. ಒಪ್ಪಿದೆ, ತುಸು ಎಂದರೆ ಎಂಟು ಪಟ್ಟಲ್ಲವಲ್ಲ? ಹಳ್ಳವನ್ನೇ ಏರಿಸಿಬಿಡೋಣ ಎಂದ. ಎಲ್ಲ ಹಳ್ಳವೂ ಹಾಗೆ ತುಂಬುವುದಿಲ್ಲ. ಗಾಜಿಗೆ ಬಡಿದು ಮರಳಿದ ಅಲೆ ನೇರ ಅಲೆಯನ್ನು ಅಳಿಸಿದ ಕಡೆ, ಏರಿಸಿದರೆ ಎರಡೂ ಏರುತ್ತವೆ. ಹಳ್ಳ ಹಳ್ಳವಾಗಿಯೇ ಉಳಿಯುತ್ತದೆ. ಮೊದಲು ಗುಡ್ಡ ತಗ್ಗಿಸಬೇಕು.

ಇನ್ನು ಆ ಮತ್ತೊಂದು ಮಾತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಕಾರಿನಲ್ಲಿ ಕೇಳುವುದು ಮಾತ್ರ ಡ್ರೈವರಿಚ್ಛೆಯೆ? ನಾಲ್ಕು ಸೀಟಿಗೂ ಒಂದೇ ಹದ ಕೂಡಿಬರುವುದಿಲ್ಲ, ನಿಜ. ಹಾಗೆಂದು ಮೂವರನ್ನು ಲೆಕ್ಕದಿಂದಲೇ ಬಿಡಬೇಕೆ? ನಾಲ್ಕೂ ಕಡೆ ಅಳೆದು ಸರಾಸರಿ ಹಿಡಿದೆವು. ಮಗನಿಗೆ ಗುಡುಗು ಕೊಂಚ ಕಡಿಮೆಯಾಯಿತು. ಅತ್ತೆಗೆ ಹಾಡಿನ ಪದ ಸಿಕ್ಕಿತು.

ನೀವೂ ಹಿಂದೆ ಕೂರುವವರಾದರೆ, "ನಂಗೇನು ತಿಳಿಯುತ್ತೆ" ಎಂದು ಸುಮ್ಮನಿರಬೇಡಿ. ಮೈಕನ್ನು ಒಮ್ಮೆ ನಿಮ್ಮ ಕಿವಿಯ ಪಕ್ಕ ಇಡಿಸಿ. ಗೆರೆ ಯಾರ ಮುಲಾಜೂ ನೋಡುವುದಿಲ್ಲ.