ಖಾನಾಪುರದಲ್ಲಿ ಎರಡೂ ಕೈಯ ಬಿಪಿ ಯಾರು ನೋಡ್ತಾರೆ?

ಟಕಾಯಾಸು ಆರ್ಟರೈಟಿಸ್ ಅನ್ನೋ ಕಾಯಿಲೆಯಲ್ಲಿ ಮಹಾಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ, ರಕ್ತದ ದಾರಿ ಕಿರಿದಾಗುತ್ತದೆ. ಹೆಚ್ಚಾಗಿ ಕಾಡುವುದು 40ರೊಳಗಿನ ಹೆಣ್ಣುಮಕ್ಕಳನ್ನು. ತಡವಾದರೆ ಪಾರ್ಶ್ವವಾಯು, ಹೃದಯಾಘಾತದ ಭಯ.

ಎಚ್‌ಎಲ್‌ಎ-ಬಿ 52 ಎಂಬ ವಂಶವಾಹಿ ರೂಪ ಇದ್ದವರಿಗೆ ಅಪಾಯ ಹೆಚ್ಚು ಎಂದು ಜಪಾನಿನಲ್ಲೂ ಭಾರತದಲ್ಲೂ ಕಂಡುಬಂದಿದೆ. ಹಾಗಂತ ಅದೇನು ಹಣೆಬರಹವಲ್ಲ. ಅದಿರುವ ಬಹುತೇಕರಿಗೆ ಈ ಕಾಯಿಲೆ ಬರುವುದೇ ಇಲ್ಲ. ಆದ್ದರಿಂದ ಬರೀ ಜೀನ್ ಪರೀಕ್ಷೆಯಿಂದ ರೋಗ ಪತ್ತೆಯಾಗದು. ಮೊದಲ ಸುಳಿವು ಸಿಗುವುದು ಎರಡೂ ಕೈಗಳ ನಾಡಿ, ಬಿಪಿ ಹೋಲಿಸಿದಾಗ. ವ್ಯತ್ಯಾಸ ಕಂಡರೆ ಮುಂದೆ ಸ್ಕ್ಯಾನ್.

ರಾಜಕೀಯ ಶುರುವಾಗೋದೇ ಇಲ್ಲಿ. ಬೆಳಗಾವಿ ನಗರದಲ್ಲಿ ಬಿಮ್ಸ್ ಇದೆ, ಕೆಎಲ್‌ಇ ಇದೆ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ ಹಳ್ಳಿಗಳಲ್ಲಿ ಮಳೆಗಾಲ ಬಂದರೆ ರೋಗಿಯನ್ನು ಹೊತ್ತೇ ತರಬೇಕು. ಅಲ್ಲಿನ ಹುಡುಗಿ ‘ಕೈ ಸೋಲತಾವ್ರಿ’ ಅಂದರೆ, ನಿಶ್ಶಕ್ತಿ ಅಂತ ಟಾನಿಕ್ ಕೊಟ್ಟು ಕಳಿಸುವುದು ಸುಲಭ.

ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದೆ. ಒಳ್ಳೆಯದೇ. ಆದರೆ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂತಾಗ ನಾವು ಕೇಳಬೇಕಾದದ್ದು ಇದಕ್ಕಿಂತ ಅಗ್ಗದ್ದು: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂಥ ಹೆಣ್ಣುಮಕ್ಕಳ ಎರಡೂ ಕೈಯ ಬಿಪಿ ನೋಡುವ ನಿಯಮ, ಸಂಶಯ ಬಂದವರನ್ನು ಬೆಳಗಾವಿಗೆ ಮುಟ್ಟಿಸುವ ಗಾಡಿ, ಆ ಗಾಡಿ ಓಡಾಡುವಂಥ ರಸ್ತೆ.